ಮೊದಲು ಯಾವ ಅಚ್ಚಿಗೆ ಬೀಗ?

ಪತ್ತನಾಜೆ ಕಳೆದು ಮೂರು ದಿನಗಳಾಗಿದ್ದವು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ್ದವು. ಮುಂಗಾರು ಇನ್ನೂ ಕಾಲಿಟ್ಟಿರಲಿಲ್ಲ. ಆದರೆ ಎರಡು ರಾತ್ರಿ ಗುಡುಗಿನೊಂದಿಗೆ ಸುರಿದ ಮಳೆ ಗುಡ್ಡಗಳ ಬಣ್ಣವನ್ನು ಆಗಲೇ ಬದಲಿಸಿತ್ತು. ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ಬಸ್ಸಿನಲ್ಲಿ ಕುಳಿತು, ಬೋವಿಕ್ಕಾನ ದಾಟಿ, ಮುಳ್ಳೇರಿಯದಲ್ಲಿ ಇಳಿದಾಗ ನನಗಾಗಿ ಒಂದು ಹಳೆಯ ಜೀಪು ಕಾದು ನಿಂತಿತ್ತು. ಅದರ ಚಾಲಕ ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ವಿಜ್ಞಾನದ ಪಾಠ ಕೇಳಿದವನು.

“ಮಾಷ್ಟ್ರೇ, ಇವತ್ತು ನೀವೊಂದು ತೀರ್ಪು ಹೇಳಬೇಕು. ಊರಿನಲ್ಲಿ ಎರಡು ಪಕ್ಷವಾಗಿದೆ,” ಎಂದ.

ವಿಷಯ ನನಗೆ ದೂರವಾಣಿಯಲ್ಲಿಯೇ ತಿಳಿದಿತ್ತು. ಆದೂರಿನಿಂದ ಮುಂದೆ ಮುಖ್ಯರಸ್ತೆ ಬಿಟ್ಟು ಗುಡ್ಡಕ್ಕೆ ಏರುವ ಒಂದು ಮಣ್ಣಿನ ದಾರಿ. ಅದರ ತುದಿಯಲ್ಲಿ ಕೆಲವು ಮನೆಗಳು. ಅಲ್ಲಿಂದ ಕೆಳಗಿನ ಕನ್ನಡ ಶಾಲೆಗೆ ಬರುವ ಮಕ್ಕಳು 9. ಬೆಳಿಗ್ಗೆ ಅವರನ್ನು ಇಳಿಸಿ ತರುವುದೂ ಸಂಜೆ ಮರಳಿ ಏರಿಸುವುದೂ ಈ ಜೀಪಿನ ಕೆಲಸ. ಕಳೆದ ಮಳೆಗಾಲದಲ್ಲಿ ಜೀಪು ಕೆಸರಿನಲ್ಲಿ ಹೂತು ಆ ಮಕ್ಕಳಿಗೆ ಶಾಲೆ ತಪ್ಪಿದ ದಿನಗಳು 17. ಲೆಕ್ಕ ಬರೆದಿಟ್ಟವನು ಚಾಲಕನೇ. ಗುಡ್ಡದ ಆಚೆ ಬದಿಯಲ್ಲಿ ಡಾಮರು ರಸ್ತೆಯಿದೆ; ಅಲ್ಲಿಗೆ ಪೇಟೆಯ ಆಂಗ್ಲ ಮಾಧ್ಯಮ ಶಾಲೆಯ ಬಸ್ಸು ತಪ್ಪದೆ ಬರುತ್ತದೆ. ಈ ವರ್ಷ ಎರಡು ಮನೆಯವರು ಆ ಬಸ್ಸಿನ ಕಡೆ ನೋಡತೊಡಗಿದ್ದರು. ಅವರನ್ನು ದೂರುವಂತಿರಲಿಲ್ಲ. ಮಗು ಶಾಲೆಗೆ ಮುಟ್ಟಬೇಕು. ಭಾಷೆಯ ಮಾತು ಆಮೇಲಿನದು. ಆದರೆ ತರಗತಿಗೆ ಐದಾರು ಮಕ್ಕಳಿರುವ ಶಾಲೆಯಿಂದ ಮೂರು ಮಕ್ಕಳು ಹೊರಟುಹೋದರೆ ಏನಾಗುತ್ತದೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ರಕ್ಷಕ-ಶಿಕ್ಷಕ ಸಂಘದವರೂ ಕೆಲವು ಅಡಿಕೆ ಬೆಳೆಗಾರರೂ ಸೇರಿ ಹಣ ಕೂಡಿಸಿದ್ದರು. ದಾರಿಗೆ ಕಾಂಕ್ರೀಟು ಹಾಕಿಸುವಷ್ಟು ಹಣ ಅದಲ್ಲ. ಜೀಪಿನ ಒಂದು ಅಚ್ಚಿನ ಡಿಫರೆನ್ಷಿಯಲ್‌ಗೆ ಲಾಕ್ ಹಾಕಿಸಲು ಸಾಕಾಗುವಷ್ಟು. ಆ ಲಾಕನ್ನು ನಾನಿಲ್ಲಿ ಬೀಗವೆಂದೇ ಕರೆಯುತ್ತೇನೆ. ಒಂದೇ ಬೀಗ, ಅಚ್ಚುಗಳು ಎರಡು. ಮುಂದಿನದಕ್ಕೋ ಹಿಂದಿನದಕ್ಕೋ ಎಂಬುದೇ ಜಗಳ.

ಹೊರಡುವ ಮೊದಲು ಪೇಟೆಯ ಮೆಕ್ಯಾನಿಕ್ ಶೆಡ್ಡಿನಲ್ಲಿ ಒಂದು ಸಣ್ಣ ಪಾಠ ನಡೆಯಿತು. ಚಾಲಕನ ಮಗಳು, ಏಳನೆಯ ತರಗತಿಯವಳು, ಜೊತೆಗಿದ್ದಳು. ಮೆಕ್ಯಾನಿಕ್ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರಗಳನ್ನು ಜ್ಯಾಕಿನಿಂದ ಎತ್ತಿ, ಜೀಪನ್ನು ಗೇರಿನಲ್ಲಿಟ್ಟು, “ಒಂದು ಚಕ್ರ ತಿರುಗಿಸು ಮಗಳೇ” ಎಂದರು. ಅವಳು ಎಡದ ಚಕ್ರವನ್ನು ಮುಂದಕ್ಕೆ ತಿರುಗಿಸಿದಳು. ಬಲದ ಚಕ್ರ ತಾನಾಗಿ ಹಿಂದಕ್ಕೆ ತಿರುಗಿತು. ಅವಳಿಗೆ ಅಚ್ಚರಿಯೋ ಅಚ್ಚರಿ.

ಅಚ್ಚಿನ ನಡುವೆ ಗುಂಡಗಿನ ಉಕ್ಕಿನ ಪೆಟ್ಟಿಗೆಯಿದೆಯಲ್ಲವೇ, ಅದರೊಳಗಿನ ಹಲ್ಲುಚಕ್ರಗಳ ಗುಂಪೇ ಡಿಫರೆನ್ಷಿಯಲ್. ಅದು ಯಾಕೆ ಬೇಕು? ಲೆಕ್ಕ ಮಾಡಿ ನೋಡಿ. ಎಡ-ಬಲ ಚಕ್ರಗಳ ನಡುವೆ ಒಂದೂಕಾಲು ಮೀಟರ್ ಅಂತರವೆಂದು ಇಟ್ಟುಕೊಂಡರೆ, ಜೀಪು ಒಂದು ಪೂರ್ತಿ ಸುತ್ತು ಹಾಕುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 8 ಮೀಟರ್ ಹೆಚ್ಚು ಓಡಬೇಕು. ಗಾಡಿಯ ಎರಡು ಚಕ್ರಗಳು ಬೇರೆಬೇರೆಯಾಗಿ ಉರುಳುವುದರಿಂದ ಎತ್ತಿನ ಗಾಡಿಗೆ ಈ ತೊಡಕಿಲ್ಲ. ಯಂತ್ರ ಒಂದೇ ಅಚ್ಚಿನಿಂದ ಎರಡನ್ನೂ ತಿರುಗಿಸಬೇಕಾದಾಗ ತೊಡಕು ಹುಟ್ಟುತ್ತದೆ. ಫ್ರಾನ್ಸಿನ ಒನೇಸಿಫೋರ್ ಪೆಕರ್ 1827ರಲ್ಲಿ ತನ್ನ ಉಗಿಬಂಡಿಗಾಗಿ ರೂಪಿಸಿದ ಉಪಾಯವೇ ಇಂದಿಗೂ ನಮ್ಮ ವಾಹನಗಳ ಹೊಟ್ಟೆಯಲ್ಲಿದೆ. ಎರಡು ಚಕ್ರಗಳು ಬೇರೆಬೇರೆ ವೇಗದಲ್ಲಿ ಓಡಬಹುದು. ಆದರೆ ಇಬ್ಬರಿಗೂ ಸಿಗುವ ತಿರುಗುಬಲ ಸಮಪಾಲು.

ಈ ಸಮಪಾಲೇ ಕೆಸರಿನಲ್ಲಿ ಮುಳುವಾಗುತ್ತದೆ. ಒಂದು ಚಕ್ರ ಜಾರುವ ಮಣ್ಣಿನಲ್ಲಿ ಬರಿದೇ ಗಿರಗಿರನೆ ತಿರುಗುತ್ತಿದೆಯೆಂದರೆ ಅದಕ್ಕೆ ಬೇಕಾದ ಬಲ ಅತ್ಯಲ್ಪ. ಆಚೆಯ ಚಕ್ರ ಗಟ್ಟಿ ಕಲ್ಲಿನ ಮೇಲಿದ್ದರೂ ಅದಕ್ಕೂ ಅಷ್ಟೇ ಬಲ. ಹಿಡಿತವಿರುವವನು ಹಿಡಿತವಿಲ್ಲದವನ ಮಟ್ಟಕ್ಕೆ ಇಳಿಯುತ್ತಾನೆ. ನಾಲ್ಕೂ ಚಕ್ರ ಎಳೆಯುವ ಜೀಪೆಂದು ನಾವು ಹೆಮ್ಮೆಪಟ್ಟರೂ ಮುಂದಿನದೊಂದು, ಹಿಂದಿನದೊಂದು ಚಕ್ರ ಹಿಡಿತ ಕಳಕೊಂಡರೆ ಜೀಪು ನಿಂತಲ್ಲೇ ನಿಲ್ಲುತ್ತದೆ. ಬೀಗವು ಈ ಎಡ-ಬಲಗಳ ಸ್ವಾತಂತ್ರ್ಯವನ್ನು ತಾತ್ಕಾಲಿಕವಾಗಿ ತೆಗೆದುಹಾಕಿ ಎರಡು ಚಕ್ರಗಳನ್ನೂ ಒಂದೇ ದಂಡಕ್ಕೆ ಕಟ್ಟಿದಂತೆ ಮಾಡುತ್ತದೆ. ಆಗ ಕಲ್ಲಿನ ಮೇಲಿರುವ ಚಕ್ರ ತನ್ನ ಪೂರ್ಣ ಬಲವನ್ನು ಹಾಕಬಲ್ಲುದು. ಗದ್ದೆಯಲ್ಲಿ ಟ್ರಾಕ್ಟರ್ ಓಡಿಸಿದವರಿಗೆ ಇದು ಹೊಸತಲ್ಲ. ಹಿಂದಿನ ಚಕ್ರ ಹೂತಾಗ ಕಾಲಿನಿಂದ ಒತ್ತುವ ಒಂದು ಪೆಡಲ್ ಅವರಿಗೆ ಗೊತ್ತು. ಅದನ್ನು ಒತ್ತಿಕೊಂಡು ಟ್ರಾಕ್ಟರನ್ನು ತಿರುಗಿಸಬಾರದೆಂಬುದೂ ಗೊತ್ತು.

“ಮುಂದಿನ ಅಚ್ಚಿಗೇ ಹಾಕಬೇಕು,” ಎಂದು ಶೆಡ್ಡಿಗೆ ಬಂದಿದ್ದ ಒಬ್ಬ ಹಿರಿಯರು ವಾದಿಸಿದರು. “ಎತ್ತು ಗಾಡಿಯ ಮುಂದೆಯೇ ಅಲ್ಲವೇ ಇರುವುದು? ಎಳೆಯುವವನು ಗಟ್ಟಿಯಿರಬೇಕು.”

ಮಾತು ಚೆನ್ನಾಗಿತ್ತು. ಆದರೆ ಎತ್ತಿಗೆ ತನ್ನದೇ ಮೈಭಾರವಿದೆ, ಗೊರಸಿದೆ. ಚಕ್ರದ ಹಿಡಿತವಾದರೋ ಅದರ ಮೇಲೆ ಬಿದ್ದಿರುವ ಭಾರದಿಂದ ಬರುವಂಥದು. ಆ ಭಾರ ದಾರಿಯ ಏರಿಳಿತದೊಂದಿಗೆ ಹಿಂದುಮುಂದಾಗುತ್ತಲೇ ಇರುತ್ತದೆ. ಆದುದರಿಂದ ಶೆಡ್ಡಿನಲ್ಲಿ ಕುಳಿತು ತೀರ್ಪು ಹೇಳುವಂತಿರಲಿಲ್ಲ.

“ದಾರಿಯನ್ನು ನೋಡೋಣ, ನಡೆದುಕೊಂಡೇ,” ಎಂದೆ.

ಆದೂರು ಕಳೆದು ಮಣ್ಣಿನ ದಾರಿ ಸಿಕ್ಕಿದಲ್ಲಿ ಜೀಪನ್ನು ನಿಲ್ಲಿಸಿದೆವು. ಪಯಸ್ವಿನಿ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮೂಲಕ ನಮ್ಮ ಜಿಲ್ಲೆಗೆ ಬಂದು, ಚಂದ್ರಗಿರಿಯೆಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಅದರ ಕಣಿವೆಯ ಗುಡ್ಡೆಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ: ತಲೆಯಲ್ಲಿ ಮುರಕಲ್ಲಿನ ಪಾರೆ, ಮೈಯಲ್ಲಿ ಗೇರು ಮತ್ತು ರಬ್ಬರು, ಬುಡದಲ್ಲಿ ತೋಡು ಮತ್ತು ಕಂಗಿನ ತೋಟ. ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದೂ ಮಲಬಾರಿನಲ್ಲಿಯೇ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಆ ಹೆಸರನ್ನು ಬಳಕೆಗೆ ತಂದ. ನೆಲದೊಳಗಿರುವಾಗ ಕತ್ತಿಯಿಂದ ಕಡಿಯುವಷ್ಟು ಮೆದು, ಗಾಳಿ ಬಿಸಿಲು ತಾಗಿದ ಮೇಲೆ ಮನೆ ಕಟ್ಟುವಷ್ಟು ಗಟ್ಟಿ. ಆದರೆ ಅದರಿಂದಲೇ ಕರಗಿಬಂದ ಕೆಂಪು ಮಣ್ಣು ಮಳೆಯಲ್ಲಿ ಬೆಣ್ಣೆಯಂತಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆಯಲ್ಲಿ ಆ ಬೆಣ್ಣೆಯ ಮೇಲೆಯೇ ನಮ್ಮ ಮಕ್ಕಳ ಹಾದಿ.

ಮೊದಲನೆಯ ಸ್ಥಳ ತೋಟದ ಬೇಲಿಯ ಪಕ್ಕದ ಏರು. ಇನ್ನೂರು ಹೆಜ್ಜೆಯಷ್ಟು ಉದ್ದ, ನೇರ, ಪೂರ್ತಿ ಕೆಂಪು ಜೇಡಿ. ಹುಡುಗಿಯ ಪೆಟ್ಟಿಗೆಯಿಂದ ಕೋನಮಾಪಕವನ್ನು ಪಡೆದು, ದಾರಕ್ಕೆ ಒಂದು ಅಡಿಕೆ ಕಟ್ಟಿ ತೂಗುಬಿಟ್ಟು, ಅವಳಿಂದಲೇ ಅಳೆಯಿಸಿದೆ. ಕಡಿದಾದ ಭಾಗದಲ್ಲಿ 20 ಡಿಗ್ರಿ ಬಂತು. ಜೀಪಿನ ಮುಂದಿನ-ಹಿಂದಿನ ಅಚ್ಚುಗಳ ನಡುವೆ 2.4 ಮೀಟರ್, ಗುರುತ್ವಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿ ಎಂದು ಇಟ್ಟುಕೊಂಡು ಲೆಕ್ಕ ಹಾಕಿದೆವು. ಸಮನೆಲದಲ್ಲಿ ಎರಡೂ ಅಚ್ಚುಗಳಿಗೆ ಸಮಭಾರವಿದ್ದ ಜೀಪು ಈ ಏರಿನಲ್ಲಿ ನೂರರಲ್ಲಿ 60 ಪಾಲನ್ನು ಹಿಂದಿನ ಅಚ್ಚಿನ ಮೇಲೆ ಹೊರಿಸುತ್ತದೆ. ಮುಂದಿನದಕ್ಕೆ ಉಳಿಯುವುದು 40. ಸಂಜೆ ಹಿಂಬದಿಯ ಬೆಂಚುಗಳಲ್ಲಿ ಮಕ್ಕಳು ಕುಳಿತ ಮೇಲೆ ಹಿಂದಿನ ಪಾಲು ಇನ್ನಷ್ಟು ಏರುತ್ತದೆ. ಭಾರವಿದ್ದಲ್ಲಿ ಹಿಡಿತ, ಹಿಡಿತವಿದ್ದಲ್ಲಿ ಬೀಗ. ಈ ಏರಿನ ಮಾತು ಕೇಳಿದರೆ ಬೀಗ ಹಿಂದೆಯೇ ಬೀಳಬೇಕು.

ಚಾಲಕ ತಲೆದೂಗಿದ. “ಅಪ್ಪ ಮಳೆಗಾಲದಲ್ಲಿ ಹಿಂದಿನ ಚಕ್ರಗಳಿಗೇ ಸರಪಳಿ ಸುತ್ತುತ್ತಿದ್ದರು ಮಾಷ್ಟ್ರೇ. ಯಾಕೆಂದು ನಾನು ಕೇಳಿರಲಿಲ್ಲ.”

ಎರಡನೆಯ ಸ್ಥಳ ತೋಡು. ನೀರು ಪಾದ ಮುಳುಗುವಷ್ಟೇ ಇತ್ತು. ಆದರೆ ದಾಟಿದೊಡನೆ ಆಚೆ ದಡದಲ್ಲಿ ಪಾರೆಯ ಒಂದು ಮೆಟ್ಟಿಲು, ಮೊಣಕಾಲೆತ್ತರ. ಇಲ್ಲಿ ಮೊದಲು ಏರಬೇಕಾದವು ಮುಂದಿನ ಚಕ್ರಗಳು. ಒಂದು ಚಕ್ರ ಕಲ್ಲಿಗೆ ತಾಗಿ ಹತ್ತಲು ನೋಡುತ್ತದೆ. ಇನ್ನೊಂದು ಪಾಚಿಯ ಮೇಲೆ ಸುಮ್ಮನೆ ತಿರುಗುತ್ತದೆ. ಹಿಂದಿನ ಅಚ್ಚು ತಳ್ಳಿದರೂ ಮುಂದಿನ ಚಕ್ರ ಕಲ್ಲಿಗೆ ಒತ್ತಿಕೊಳ್ಳುತ್ತದೆಯೇ ಹೊರತು ಮೇಲೇರುವುದು ಕಷ್ಟ. ಮುಂದೆ ಬೀಗವಿದ್ದರೆ ಎರಡೂ ಚಕ್ರಗಳು ಒಟ್ಟಿಗೆ ಕಲ್ಲನ್ನು ಹಿಡಿದು ಹತ್ತುತ್ತವೆ. ಶೆಡ್ಡಿನ ಹಿರಿಯರು ಹೇಳಿದ್ದು ಈ ಮೆಟ್ಟಿಲನ್ನು ಮನಸ್ಸಿನಲ್ಲಿಟ್ಟುಕೊಂಡೇ ಇರಬೇಕು. ಅವರ ಅನುಭವ ಸುಳ್ಳಲ್ಲ.

ಮೂರನೆಯ ಸ್ಥಳವನ್ನು ಕಂಡಾಗ ಮಾತ್ರ ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ದಾರಿ ಗುಡ್ಡದ ಮಗ್ಗುಲನ್ನು ಅಡ್ಡಹಾಯುತ್ತದೆ. ಒಂದು ಬದಿಗೆ ಕಡಿದ ದರೆ, ಇನ್ನೊಂದು ಬದಿಗೆ ಬಹಳ ಕೆಳಗೆ ಕಂಗಿನ ತಲೆಗಳು. ದಾರಿಯೇ ಆ ಕೆಳಬದಿಗೆ ವಾಲಿದೆ. ಉದ್ದ ಹೆಚ್ಚಿಲ್ಲ, ಹುಡುಗಿ ಎಣಿಸಿದಳು, 60 ಹೆಜ್ಜೆ.

ಇಲ್ಲಿ ಹಿಂದಿನ ಬೀಗವೇ ಶತ್ರು. ತಿರುಗಿ ಜಾರುತ್ತಿರುವ ಚಕ್ರಕ್ಕೆ ಪಕ್ಕದ ಹಿಡಿತವೂ ಇರುವುದಿಲ್ಲ. ಬೀಗವಿಲ್ಲದಿದ್ದರೆ ಒಂದು ಚಕ್ರ ಜಾರಿದರೂ ಇನ್ನೊಂದು ನೆಲವನ್ನು ಕಚ್ಚಿಕೊಂಡು ಜೀಪಿನ ಹಿಂಭಾಗವನ್ನು ನಿಲ್ಲಿಸುತ್ತದೆ. ಬೀಗ ಹಾಕಿದ್ದರೆ ಎರಡೂ ಒಟ್ಟಿಗೆ ಜಾರುತ್ತವೆ. ಹಿಂಭಾಗ ಕೆಳಬದಿಗೆ ಸರಿಯುತ್ತದೆ. ಮುಂದಿನ ಬೀಗವೂ ಇಲ್ಲಿ ಹಿತವಲ್ಲ. ಅದು ಜೀಪನ್ನು ನೆಟ್ಟಗೆ ಒಯ್ಯಲು ಹಟ ಹಿಡಿಯುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ತಿರುಗಬೇಕಾದಲ್ಲಿ ತಿರುಗುವುದಿಲ್ಲ. ಮುಂದಿನ ಅಚ್ಚಿನಲ್ಲಿ ಚಕ್ರ ಹೊರಳುವುದಕ್ಕಾಗಿ ಕೀಲುಗಳಿರುತ್ತವೆ. ಚಕ್ರ ಹೊರಳಿರುವಾಗ ಬೀಗದ ಪೂರ್ಣ ಬಲ ಬಿದ್ದರೆ ಮುರಿಯುವುದು ಆ ಕೀಲುಗಳೇ.

ಪಾರೆಯ ಮೇಲೆ ಕುಳಿತು ಲೆಕ್ಕ ಕೂಡಿಸಿದೆವು. ಮೂರು ಸ್ಥಳಗಳು ಮೂರು ಉತ್ತರ ಹೇಳಿದ್ದವು. ಹಿಂದೆ ಹಾಕು, ಮುಂದೆ ಹಾಕು, ಹಾಕಲೇಬೇಡ.

ಆಗ ನಾನು ಚಾಲಕನನ್ನು ಕೇಳಿದೆ: “ಆ 17 ದಿನಗಳಲ್ಲಿ ಜೀಪು ನಿಂತದ್ದು ಎಲ್ಲೆಲ್ಲಿ?”

ಅವನು ಪುಸ್ತಕ ತೆಗೆದ. 13 ದಿನ ತೋಟದ ಬದಿಯ ಏರಿನಲ್ಲಿ, 4 ದಿನ ತೋಡಿನ ಮೆಟ್ಟಿಲಲ್ಲಿ. ಓರೆ ದಾರಿಯಲ್ಲಿ ಒಂದು ದಿನವೂ ಇಲ್ಲ. “ಅಲ್ಲಿ ನಿಂತರೆ ಪುಸ್ತಕ ಬರೆಯಲು ನಾನಿರಲಿಕ್ಕಿಲ್ಲ,” ಎಂದ.

ತೀರ್ಪು ಆ ಪುಸ್ತಕದಲ್ಲಿಯೇ ಇತ್ತು. ಇನ್ನೂರು ಹೆಜ್ಜೆಯ ಜೇಡಿಯ ಏರನ್ನು ನಾವು ನಾಲ್ಕು ಜನ ಸೇರಿ ಸರಿಮಾಡಲಾರೆವು. ಅದಕ್ಕೆ ಯಂತ್ರದ ನೆರವೇ ಬೇಕು. ಆದರೆ ಮೊಣಕಾಲೆತ್ತರದ ಮೆಟ್ಟಿಲಿಗೆ ಮುರಕಲ್ಲಿನ ತುಂಡುಗಳನ್ನು ಇಳಿಜಾರಾಗಿ ಜೋಡಿಸಲು ಹಾರೆ, ಪಿಕ್ಕಾಸು, ಒಂದು ಭಾನುವಾರ ಸಾಕು. ಕೈಯಿಂದ ಆಗುವ ಕೆಲಸಕ್ಕೆ ಇರುವ ಒಂದೇ ಬೀಗವನ್ನು ಯಾಕೆ ಖರ್ಚು ಮಾಡಬೇಕು? ಬೀಗ ಹಿಂದಿನ ಅಚ್ಚಿಗೆ.

ಹಿಂದಿನದನ್ನು ಮೊದಲು ಆರಿಸಲು ಬೇರೆ ಕಾರಣಗಳೂ ಇವೆ. ಹಿಂದಿನ ಅಚ್ಚಿನಲ್ಲಿ ಹೊರಳುವ ಕೀಲುಗಳಿಲ್ಲ, ಆದ್ದರಿಂದ ಹೆಚ್ಚು ಬಲ ತಾಳುತ್ತದೆ. ಇಂಥ ಜೀಪಿನಲ್ಲಿ ಹಿಂದಿನ ಅಚ್ಚು ಯಾವಾಗಲೂ ಯಂತ್ರಕ್ಕೆ ಜೋಡಿಕೊಂಡಿರುತ್ತದೆ; ಮುಂದಿನದಕ್ಕೆ ನಾಲ್ಕು ಚಕ್ರದ ಗೇರು ಹಾಕಿದರೆ ಮಾತ್ರ ಬಲ. ಕಾರ್ಖಾನೆಗಳ ರೂಢಿಯೂ ಹಾಗೆಯೇ. ಗೂರ್ಖಾದಂತೆ ಎರಡೂ ಅಚ್ಚುಗಳಿಗೆ ಬೀಗ ಕೊಟ್ಟವರಿದ್ದಾರೆ. ಒಂದೇ ಬೀಗ ಕೊಡುವಾಗ ಅದು ಸಾಮಾನ್ಯವಾಗಿ ಹಿಂದಿನ ಅಚ್ಚಿನಲ್ಲಿ. ಹೈಲಕ್ಸ್‌ನಲ್ಲಿ ಹಾಗಿದೆ, 2020ರಲ್ಲಿ ಬಂದ ಥಾರ್‌ನ ಕೆಲವು ಮಾದರಿಗಳಲ್ಲಿ ಹಾಗಿದೆ. ಹಾಗೆಂದು ಇದು ಶಾಸ್ತ್ರವಾಕ್ಯವಲ್ಲ. ಬಂಡೆಯ ಮೆಟ್ಟಿಲುಗಳೇ ತುಂಬಿದ ದಾರಿಯವರಿಗೆ, ಹಿಂದಿನ ಅಚ್ಚಿನಲ್ಲಿ ಜಾರುವಿಕೆಯನ್ನು ಕಡಿಮೆಮಾಡುವ ಏರ್ಪಾಡು ಈಗಾಗಲೇ ಇರುವವರಿಗೆ ಮುಂದಿನದೇ ಮೊದಲಾಗಬಹುದು.

ಇಳಿದು ಬರುವಾಗ ಚಾಲಕ ಮೆಲ್ಲನೆ ಇನ್ನೊಂದು ಮಾತು ತೆಗೆದ. ಡಿಫರೆನ್ಷಿಯಲಿನ ಹಲ್ಲುಚಕ್ರಗಳನ್ನೇ ವೆಲ್ಡ್ ಮಾಡಿಸಿಬಿಟ್ಟರೆ ಹಣ ಬಹಳ ಉಳಿಯುತ್ತದೆಂದು ಯಾರೋ ಹೇಳಿದ್ದರಂತೆ. ಉಳಿದ ಹಣದಿಂದ ಮಕ್ಕಳಿಗೆ ಕೊಡೆ ತೆಗೆಯಬಹುದೆಂಬುದು ಅವನ ಆಸೆ. ನಾನು ಕೈಮುಗಿದೆ. ವೆಲ್ಡ್ ಮಾಡಿದ ಬೀಗಕ್ಕೆ ಕೀಲಿಕೈ ಇಲ್ಲ. ಡಾಮರು ರಸ್ತೆಯ ಪ್ರತಿ ತಿರುವಿನಲ್ಲಿಯೂ ಒಂದು ಟಯರು ಉಜ್ಜಿಕೊಂಡೇ ಹೋಗಬೇಕು, ಅಚ್ಚು ತಿರುಚಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ, ಆ 60 ಹೆಜ್ಜೆಗಳಲ್ಲಿ ಅದನ್ನು ತೆರೆಯಲಾಗುವುದಿಲ್ಲ. ನಮಗೆ ಬೇಕಾದದ್ದು ಚಾಲಕ ತಾನೇ ಹಾಕಿ ತಾನೇ ತೆಗೆಯಬಹುದಾದ ಬೀಗ. ಗಾಳಿಯ ಒತ್ತಡದಿಂದಲೋ ವಿದ್ಯುತ್ತಿನಿಂದಲೋ ಕೇಬಲಿನಿಂದಲೋ ಕೆಲಸ ಮಾಡುವಂಥದು. ವಾಹನದಲ್ಲಿ ಮಾಡುವ ಬದಲಾವಣೆಯನ್ನು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವಂತೆಯೂ ಹೇಳಿದೆ. ಮಕ್ಕಳು ಕೂರುವ ಗಾಡಿ, ಕಾಗದಪತ್ರ ನೆಟ್ಟಗಿರಬೇಕು.

ಆ ಭಾನುವಾರ ಎಂಟು ಜನ ಸೇರಿ ತೋಡಿನ ಮೆಟ್ಟಿಲಿಗೆ ಕಲ್ಲು ಕಟ್ಟಿದರು. ಮುಂದಿನ ಅಚ್ಚಿನ ಪಕ್ಷದ ಹಿರಿಯರೇ ಮುಂದೆ ನಿಂತು ಕಲ್ಲು ಕೂರಿಸಿದರು. ಓರೆ ದಾರಿಯ ಎರಡು ತುದಿಗಳಲ್ಲಿ ಹುಡುಗಿ ಒಂದೊಂದು ಕಲ್ಲಿಗೆ ಸುಣ್ಣ ಬಳಿದು, ಅದು ಮಳೆಗೆ ತೊಳೆದುಹೋದೀತೆಂದು ಮರುದಿನ ಬಿಳಿ ಪೈಂಟನ್ನೇ ಹಚ್ಚಿದಳು. ಬಿಳಿ ಕಲ್ಲು ಕಂಡಲ್ಲಿ ಬೀಗ ತೆರೆಯಬೇಕು, ಮಕ್ಕಳು ಇಳಿಯಬೇಕು, 60 ಹೆಜ್ಜೆ ದರೆಯ ಬದಿಯಿಂದ ನಡೆಯಬೇಕು. ಜೀಪು ಖಾಲಿಯಾಗಿ ದಾಟಬೇಕು. ಇದಕ್ಕೆ ಚಾಲಕ ಮೊದಲು ಒಪ್ಪಿರಲಿಲ್ಲ. ಮಕ್ಕಳು ಮಳೆಯಲ್ಲಿ ನೆನೆಯುತ್ತಾರೆಂದ. ನೆನೆದ ಬಟ್ಟೆ ಒಣಗುತ್ತದೆ ಎಂದಷ್ಟೇ ಹೇಳಿದೆ.

ನಮ್ಮಲ್ಲಿ ಶಾಲೆ ತೆರೆಯುವುದೂ ಮಳೆ ಬರುವುದೂ ಜೂನ್ ತಿಂಗಳ ಮೊದಲಿಗೆ, ಒಟ್ಟಿಗೆ. ಎರಡನೆಯ ವಾರದ ಒಂದು ಸಂಜೆ ನಾನು ಮತ್ತೆ ಆ ಜೀಪಿನಲ್ಲಿ ಹೋದೆ. ಮಳೆ ಜಡಿಯುತ್ತಿತ್ತು. ಏರಿನ ಬುಡದಲ್ಲಿ ಚಾಲಕ ಜೀಪು ನಿಲ್ಲಿಸಿ, ನಾಲ್ಕು ಚಕ್ರದ ಗೇರು ಹಾಕಿ, ಬೀಗ ಹಾಕಿ, ಮೊದಲ ಗೇರಿನಲ್ಲಿ ಅವಸರವಿಲ್ಲದೆ ಹತ್ತಿಸಿದ. ಜೀಪು ಒಂದೆರಡು ಕಡೆ ತಡವರಿಸಿತು, ನಿಲ್ಲಲಿಲ್ಲ. ಮೇಲೆ ಸೇರಿದೊಡನೆ ಬೀಗ ತೆರೆದ. ಬಿಳಿ ಕಲ್ಲಿನ ಬಳಿ ಯಾರೂ ಹೇಳದೆಯೇ ಮಕ್ಕಳು ಇಳಿದರು. ದೊಡ್ಡವರು ಚಿಕ್ಕವರ ಕೈ ಹಿಡಿದರು. ಒಂದನೆಯ ತರಗತಿಯ ಹುಡುಗ ಹೆಜ್ಜೆ ಎಣಿಸುತ್ತ ನಡೆದ. ಅವನ ಪುಟ್ಟ ಕಾಲಿಗೆ ಅದು 104 ಆಯಿತು. ನೂರರ ಆಚೆಗೂ ಎಣಿಸಬಲ್ಲನೆಂದು ಅವನ ಹೆಮ್ಮೆ.

ದೀಪಾವಳಿಯ ಹೊತ್ತಿಗೆ ಚಾಲಕ ಪುಸ್ತಕ ತೋರಿಸಿದ. ಮಳೆಗಾಲದಲ್ಲಿ ಜೀಪು ತಪ್ಪಿದ ದಿನಗಳು 3. ಒಮ್ಮೆ ಮರ ಬಿದ್ದದ್ದು. ಎರಡು ಸಲ ತೋಡು ತುಂಬಿ ದಾಟಲಾಗದ್ದು. ತುಂಬಿದ ತೋಡಿಗೆ ಯಾವ ಅಚ್ಚಿನ ಬೀಗವೂ ಉತ್ತರವಲ್ಲ. ಆ ದಿನ ಮನೆಯಲ್ಲಿ ಉಳಿಯುವುದೇ ಸರಿ. ಆಂಗ್ಲ ಮಾಧ್ಯಮದ ಬಸ್ಸಿನ ಕಡೆ ನೋಡುತ್ತಿದ್ದ ಎರಡು ಮನೆಗಳಲ್ಲಿ ಒಂದು ಮನೆಯವರು ಜೂನಿನಲ್ಲಿಯೇ ಹೋಗಿದ್ದರು. ಇನ್ನೊಂದು ಮನೆಯವರು ಉಳಿದರು. ಅವರ ಇಬ್ಬರು ಮಕ್ಕಳು ಈಗಲೂ ಬಿಳಿ ಕಲ್ಲಿನ ಬಳಿ ಇಳಿದು ನಡೆಯುತ್ತಾರೆ.

ಇಂಥದೇ ದಾರಿಯಿರುವ ಬೇರೆ ಊರುಗಳವರು ನಮ್ಮ ತೀರ್ಪನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ನಿಮ್ಮ ಜೀಪು ಎಲ್ಲಿ ನಿಲ್ಲುತ್ತದೆಂದು ಒಂದು ಮಳೆಗಾಲ ಬರೆದಿಡಿ. ಮಕ್ಕಳನ್ನು ಕರೆದುಕೊಂಡು ದಾರಿಯನ್ನು ಒಮ್ಮೆ ನಡೆದು ನೋಡಿ. ಗುದ್ದಲಿಯಿಂದ ಆಗುವುದನ್ನು ಗುದ್ದಲಿಯಿಂದ ಮಾಡಿ ಮುಗಿಸಿ. ಆಮೇಲೆ ಉಳಿದ ಏರು ಯಾವುದೋ, ಅದು ಯಾವ ಅಚ್ಚಿನ ಮೇಲೆ ಭಾರ ಹಾಕುತ್ತದೋ, ಬೀಗ ಅಲ್ಲಿಗೆ.